ಇನ್ನೂ ಬಾರದ ಮಳೆಗೆ ಇಟ್ಟ ಸಂಡಿಗೆ



ಬೇಸಿಗೆಯನ್ನು ಬೈಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿವರಾತ್ರಿ ಕಳೆದ ಮಾರನೆಯ ಬೆಳಿಗ್ಗೆಯೇ ಶುರು. ಬಸ್ಸಿಗೆ ಕಾಯುತ್ತ ನಿಂತ ಗುರುತಿಲ್ಲದ ಇಬ್ಬರು ಮಾತಿಗಿಳಿಯಬೇಕಾದರೆ, "ಏನ್ ಸೆಕೆ ಕಣ್ರೀ, ಈ ಸಲ ತಡೆಯೋಕಾಗಲ್ಲ" ಎಂದರೆ ಸಾಕು. ಹೋದ ವರ್ಷವೂ ಅದನ್ನೇ ಅಂದಿದ್ದೆವು, ಬರುವ ವರ್ಷವೂ ಅನ್ನುತ್ತೇವೆ. ನಾನೂ ಅನ್ನುವವಳೇ. ಆದರೆ ಅಡುಗೆಮನೆ, ಹಿತ್ತಿಲು ಎರಡರಲ್ಲೂ ಕೈಯಾಡಿಸುವ ಯಾರನ್ನಾದರೂ, ವರ್ಷದಲ್ಲಿ ನಿಮಗೆ ಯಾವ ಕಾಲ ಇಷ್ಟ ಎಂದು ಕೇಳಿ ನೋಡಿ. ಸೆರಗಿನಿಂದ ಮುಖದ ಬೆವರು ಒರೆಸಿಕೊಳ್ಳುತ್ತಲೇ, ಬೇಸಿಗೆ ಎನ್ನುತ್ತಾರೆ.

ನನಗೆ ತಿಳಿದ ಕಾರಣ ಇದು. ಬೇಸಿಗೆಯಲ್ಲಿ ನಾವು ಮಾಡುವ ಕೆಲಸದಲ್ಲಿ ಮುಕ್ಕಾಲು ಪಾಲು ಬೇಸಿಗೆಗಾಗಿ ಅಲ್ಲ, ಮಳೆಗಾಲಕ್ಕಾಗಿ. ತಾರಸಿಯ ಮೇಲೆ ಒಣಗುವ ಸಂಡಿಗೆಯನ್ನು ಏಪ್ರಿಲ್ಲಿನಲ್ಲೇ ಕರಿದು ಮುಗಿಸುವವರು ಯಾರೂ ಇಲ್ಲ. ಉಪ್ಪಿನಲ್ಲಿ ಮುಳುಗಿದ ಮಾವಿನ ಮಿಡಿ ಆಷಾಢದ ಗಂಜಿಗೆ. ಕೊಟ್ಟಿಗೆಯ ಮೂಲೆಯಲ್ಲಿ ಪೇರಿಸಿದ ಸೌದೆ ಶ್ರಾವಣದ ಒಲೆಗೆ. ಆಕಾಶದಲ್ಲಿ ಅಂಗೈಯಗಲ ಮೋಡವೂ ಇಲ್ಲದ ದಿನ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಇನ್ನೆರಡು ತಿಂಗಳಲ್ಲಿ ಸುರಿದೇ ಸುರಿಯುತ್ತದೆ ಎಂದು ಲೆಕ್ಕ ಹಾಕಿ ದುಡಿಯುತ್ತೇವಲ್ಲ, ಅದನ್ನು ನಾನು ನಂಬಿಕೆ ಎನ್ನುತ್ತೇನೆ. ದೇವರ ಮುಂದೆ ಕೂತು ಕಣ್ಣು ಮುಚ್ಚುವುದೂ ನಂಬಿಕೆಯೇ, ಅಲ್ಲವೆನ್ನುವುದಿಲ್ಲ. ಮಣ್ಣು ಮೆತ್ತಿದ ಕೈ, ಹಿಟ್ಟು ಮೆತ್ತಿದ ಕೈಗಳ ನಂಬಿಕೆಯ ಬಗ್ಗೆ ಮಾತಾಡುವವರು ಕಡಿಮೆ, ಹಾಗಾಗಿ ಇವತ್ತು ಅದರ ಮಾತು.

ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಕಡೆಯ ಬಯಲುಸೀಮೆಯಲ್ಲಿ, ಸೇರಿದ್ದು ಸಾಗರ ಸೀಮೆಯ ಮಲೆನಾಡಿನ ಮನೆಗೆ. ತವರಿನಲ್ಲಿ ಬೇಸಿಗೆಯೆಂದರೆ ಅರಳು ಸಂಡಿಗೆ, ಅಕ್ಕಿ ಸಂಡಿಗೆ, ಬಾಳಕದ ಮೆಣಸಿನಕಾಯಿ, ವರ್ಷಕ್ಕಾಗುವಷ್ಟು ಸಾರಿನ ಪುಡಿ. ಇನ್ನೂ ಉತ್ತರಕ್ಕೆ, ಧಾರವಾಡ, ಗದಗದ ಕಡೆ ಹೋದರೆ ಓಣಿಯ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರಿ ಮಣೆ ಹಾಕಿಕೊಂಡು ಶಾವಿಗೆ ಹೊಸೆಯುತ್ತಿದ್ದರು. ಇವತ್ತು ಅವರ ಮನೆ, ನಾಳೆ ಇವರ ಮನೆ. ಮಲೆನಾಡಿಗೆ ಬಂದಾಗ ಲೆಕ್ಕವೇ ಬದಲಾಯಿತು. ಹಲಸಿನ ಹಪ್ಪಳ, ಮಾವಿನ ಹಣ್ಣಿನ ರಸ ಹರವಿ ಒಣಗಿಸಿದ ಮಾಂಬಳ, ಉಪ್ಪು ಬೆರೆಸಿ ಜಾಡಿಯಲ್ಲಿ ತುಂಬಿದ ಹಲಸಿನ ಸೊಳೆ. ಘಟ್ಟದ ಕೆಳಗೆ ಇಳಿದರೆ ಇನ್ನೊಂದು ಸೊಗಸು. ಗದ್ದೆಯಲ್ಲಿ ಬೆಳೆದ ಸೌತೆಕಾಯಿಗಳನ್ನು, ಹೊರಗಿನವರು ಮಂಗಳೂರು ಸೌತೆ ಎನ್ನುತ್ತಾರಲ್ಲ ಅವನ್ನು, ಒಂದೊಂದಾಗಿ ಬಾಳೆ ನಾರಿನಲ್ಲೋ ತೆಂಗಿನ ಗರಿಯಲ್ಲೋ ಕಟ್ಟಿ ಮಾಡಿನ ಜಂತಿಗೆ ಸಾಲಾಗಿ ನೇತುಹಾಕುತ್ತಾರೆ. ಒಂದಕ್ಕೊಂದು ತಾಗಬಾರದು, ನೆಲಕ್ಕೂ ತಾಗಬಾರದು, ಗಾಳಿಯಾಡುತ್ತಿರಬೇಕು. ಹಾಗಿಟ್ಟರೆ ಹೊರಗೆ ಕಾಲಿಡಲಾಗದ ಜುಲೈ ತಿಂಗಳಿನಲ್ಲಿ ತಲೆಯೆತ್ತಿ ಒಂದು ಕಾಯಿ ಬಿಚ್ಚಿಕೊಂಡರೆ ಅವತ್ತಿನ ಹುಳಿಗೆ ಆಯಿತು. ಫ್ರಿಜ್ಜಿಗೂ ಕರೆಂಟಿಗೂ ಸಂಬಂಧವಿಲ್ಲದ ಏರ್ಪಾಡು.

ಈ ಎಲ್ಲದರಲ್ಲಿ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಮಿಡಿ ಉಪ್ಪಿನಕಾಯಿಯ ಹತ್ತಿರ. ಶರಾವತಿ, ವರದಾ, ಅಘನಾಶಿನಿ ಹೊಳೆಗಳ ದಂಡೆಯಲ್ಲಿ, ಕಾಡಂಚಿನಲ್ಲಿ ತಾವಾಗಿ ಬೆಳೆದ ಅಪ್ಪೆಮಾವಿನ ಮರಗಳಿವೆ. ಅಪ್ಪೆಮಿಡಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಸಂತೋಷ. ಆದರೆ ಊರಿನವರು ಮರಗಳಿಗೆ ತಾವೇ ಹೆಸರು ಕೊಟ್ಟು ಎಷ್ಟೋ ಕಾಲವಾಗಿತ್ತು. ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ, ಜೀರಿಗೆ ಮಿಡಿ ಎಂದು ರುಚಿ ಬಲ್ಲವರು ಹೇಳುವುದನ್ನು ಕೇಳಬೇಕು, ನೆಂಟರ ಮನೆಗಳ ಹೆಸರು ಹೇಳುವಷ್ಟು ಸಲಿಗೆ ಅದರಲ್ಲಿ. ಒಬ್ಬ ಮನುಷ್ಯನ ಹೆಸರು ಒಂದು ಮಾವಿನ ಮರಕ್ಕೆ ಅಂಟಿಕೊಂಡು ತಲೆಮಾರು ದಾಟುವುದೆಂದರೆ, ಕಲ್ಲಿನಲ್ಲಿ ಕೆತ್ತಿಸಿಕೊಂಡವರಿಗೂ ಇಲ್ಲದ ಭಾಗ್ಯ.

ಮಿಡಿಯನ್ನು ಕೋಲಿನಲ್ಲಿ ಬಡಿದು ಬೀಳಿಸುವಂತಿಲ್ಲ. ಮರ ಹತ್ತಿ, ತೊಟ್ಟು ಸಮೇತ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದೇ ಮಿಡಿ ಇಡೀ ಭರಣಿಯನ್ನು ಕೆಡಿಸೀತು. ತೊಟ್ಟು ಯಾಕೆ ಎಂದರೆ, ಪರಿಮಳವಿರುವುದು ಸೊನೆಯಲ್ಲಿ. ತೊಟ್ಟು ಮುರಿದರೆ ಸೊನೆ ಚಿಮ್ಮಿ ಹೋಗುತ್ತದೆ. ತೊಳೆದು, ಒರೆಸಿ, ನೆರಳಿನಲ್ಲಿ ಆರಿಸಿ, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಉಪ್ಪು ಹಾಕುವಾಗ ಕೈ ಹಿಡಿಯಬಾರದು. ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಎರಡು ಮೂರು ವಾರದಲ್ಲಿ ಮಿಡಿ ಸುಕ್ಕುಗಟ್ಟಿ ತಾನೇ ಬಿಟ್ಟ ನೀರಿನಲ್ಲಿ ತಾನೇ ಮುಳುಗುತ್ತದೆ. ಆ ಉಪ್ಪುನೀರನ್ನು ಕುದಿಸಿ ಆರಿಸಿ, ಸಾಸಿವೆ, ಬ್ಯಾಡಗಿ ಮೆಣಸಿನಕಾಯಿ ಬೀಸಿ ಕಲಸಿ, ಮತ್ತೆ ತುಂಬಿ, ಬಟ್ಟೆ ಕಟ್ಟಿ ಅಟ್ಟಕ್ಕೇರಿಸಿದರೆ ನಮ್ಮ ಕೆಲಸ ಮುಗಿಯಿತು, ಉಳಿದದ್ದು ಕಾಲದ ಕೆಲಸ.

ಇಲ್ಲಿ ಒಂದು ಮಾತು ಖಡಾಖಂಡಿತ ಹೇಳಿಬಿಡುತ್ತೇನೆ. ಮುಟ್ಟಾದ ಹೆಂಗಸು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ ಎಂಬುದು ಸುಳ್ಳು. ಉಪ್ಪಿನಕಾಯಿ ಕೆಡುವುದು ಉಪ್ಪು ಕಡಿಮೆಯಾದರೆ, ಒದ್ದೆ ಸೌಟು ತಾಗಿದರೆ, ಪೆಟ್ಟು ಬಿದ್ದ ಕಾಯಿ ಸೇರಿದರೆ. ನಂಬಿಕೆಯ ಮಾತಾಡುವಾಗ ಮೂಢನಂಬಿಕೆಯನ್ನು ಸೋಸಿ ಆಚೆ ಚೆಲ್ಲುವ ಧೈರ್ಯವೂ ನಮಗಿರಬೇಕು. ಹಿರಿಯರ ಮಡಿಯ ಕಟ್ಟುಪಾಡುಗಳಲ್ಲಿ, ಒಣಗಿದ ಕೈ, ಒಣಗಿದ ಪಾತ್ರೆ ಎಂಬುದೊಂದನ್ನು ನಾನು ಉಳಿಸಿಕೊಂಡಿದ್ದೇನೆ, ಅದಕ್ಕೆ ಕಾರಣವಿದೆ.

ಸಂಡಿಗೆಯ ಗಮ್ಮತ್ತು ಮಕ್ಕಳದು. ಬೆಳಗಿನ ಜಾವಕ್ಕೆ ಎದ್ದು ಅಕ್ಕಿ ಹಿಟ್ಟು ಬೇಯಿಸಿ, ಜೀರಿಗೆ, ಇಂಗು, ಉಪ್ಪು ಹಾಕಿ ತೊಳಸಿ, ಬಿಸಿ ಆರುವ ಮೊದಲೇ ಚಕ್ಕುಲಿ ಒರಳಿನಲ್ಲಿ ತುಂಬಿ ಹಳೆಯ ಪಂಚೆಯ ಮೇಲೆ ಒತ್ತುವುದು ದೊಡ್ಡವರ ಪಾಲು. ಬೂದುಗುಂಬಳ ತುರಿದು ಭತ್ತದ ಅರಳಿಗೆ ಕಲಸುವ ಅರಳು ಸಂಡಿಗೆಯಾದರೆ ಇನ್ನಷ್ಟು ಕೈ ಬೇಕು. ಕಾಗೆ ಕಾಯುವುದು ಮಕ್ಕಳ ಪಾಲು. ಕಪ್ಪು ಕೊಡೆಯೊಂದನ್ನು ಬಿಚ್ಚಿ ನಿಲ್ಲಿಸಿ, ಅದರ ನೆರಳಿನಲ್ಲಿ ಕೂತು, ಅರೆಬರೆ ಒಣಗಿದ ಸಂಡಿಗೆಯನ್ನು ಕಾಗೆಗಿಂತ ಮೊದಲು ತಾವೇ ಮುಗಿಸುವ ಆ ಕಾವಲುಗಾರರು ಯಾವ ಮನೆಯಲ್ಲಿರಲಿಲ್ಲ ಹೇಳಿ. ಸಂಜೆಗೆ ಅರ್ಧ ಪಂಚೆ ಖಾಲಿ. ಬೈದರೂ ಮಾರನೆಯ ದಿನ ಅವರನ್ನೇ ಕೂರಿಸುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಅತ್ತೆಯವರನ್ನು ಕೇಳಿದ್ದೆ. ನಮ್ಮೂರಿನ ಕಡೆ ಮಳೆ ಕೈಕೊಡುವುದೇ ಹೆಚ್ಚು, ಆ ಅಭ್ಯಾಸದಲ್ಲಿ, "ಇಷ್ಟೆಲ್ಲ ಮಾಡಿಟ್ಟ ಮೇಲೆ ಮಳೆ ಸರಿಯಾಗಿ ಬರದೇ ಹೋದರೆ ಅತ್ತೇ?" ಎಂದೆ. ಅವರು ಹಲಸಿನ ಸೊಳೆ ಬಿಡಿಸುವ ಕೈ ನಿಲ್ಲಿಸದೆಯೇ, "ಬರೋದು ಬಿಡೋದು ಮಳೆಗೆ ಬಿಟ್ಟಿದ್ದು ಮಾರಾಯ್ತಿ. ಮೊದಲು ಕೈಗೆ ಎಣ್ಣೆ ಹಚ್ಚಿಕೋ, ಅಂಟು ಹಿಡಿದರೆ ಹೋಗೋದಿಲ್ಲ" ಎಂದರು. ವೇದಾಂತ ಅಲ್ಲಿಗೇ ಮುಗಿಯಿತು.

ಅಂದಹಾಗೆ, ಸುಖವೆಂದು, ನಂಬಿಕೆಯೆಂದು ಹೊಗಳಿ ಹೆಂಗಸರ ಬೆನ್ನಿನ ಮೇಲೆ ಇನ್ನಷ್ಟು ಕೆಲಸ ಹೇರಲು ನಾನು ಬಂದಿಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ 2019ರಲ್ಲಿ ದೇಶದ ಜನ ದಿನದ ಸಮಯವನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ನಡೆಸಿತು. ಮನೆಗೆಲಸಕ್ಕೆ ಕೈಹಚ್ಚುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಎಂದರೆ ಹತ್ತಿರ ಹತ್ತಿರ ಐದು ಗಂಟೆ, ಸಂಬಳವಿಲ್ಲದೆ ದುಡಿಯುತ್ತಿದ್ದರೆಂದು ಆಗ ಗೊತ್ತಾಯಿತು. ಗಂಡಸರಲ್ಲಿ ಮನೆಗೆಲಸಕ್ಕೆ ಕೈಹಚ್ಚುವವರೇ ನೂರಕ್ಕೆ 26 ಮಂದಿ, ಅವರ ಲೆಕ್ಕ 97 ನಿಮಿಷ. ಜನಗಣತಿಯಲ್ಲಂತೂ ಮನೆಗೆಲಸವನ್ನೇ ಮಾಡುವವರನ್ನು ದುಡಿಯದವರ ಪಟ್ಟಿಗೆ ಸೇರಿಸುತ್ತಾರೆ! ಮಿಡಿಗೆ ಉಪ್ಪು ಹಾಕುವ ಸುಖ ಅಷ್ಟೊಂದು ದೊಡ್ಡದಾದರೆ ಅದರಲ್ಲಿ ಗಂಡಸರಿಗೂ ಪಾಲು ಕೊಡಬೇಕು. ನಮ್ಮ ಮನೆಯಲ್ಲಿ ಸೌತೆಕಾಯಿ ಕಟ್ಟುವುದು, ಭರಣಿ ತೊಳೆದು ಬಿಸಿಲಿಗಿಡುವುದು ಯಜಮಾನರ ಕೆಲಸ. ಮೊದಮೊದಲು ಗೊಣಗುತ್ತಿದ್ದರು. ಈಗ ಬೇರೆಯವರು ಕಟ್ಟಿದ ಗಂಟು ಅವರಿಗೆ ಸರಿಬರುವುದಿಲ್ಲ.

ಇನ್ನು ಹಿತ್ತಿಲಿಗೆ ಹೋಗೋಣ. ಬೇಸಿಗೆಯ ಹಿತ್ತಿಲು ಕಲಿಸುವ ಮೊದಲ ಪಾಠ ಗಾಬರಿಪಡಬಾರದು ಎಂಬುದು. ಮಧ್ಯಾಹ್ನ ಒಂದು ಗಂಟೆಗೆ ಕುಂಬಳದ ಬಳ್ಳಿಯನ್ನು ನೋಡಿ. ಎಲೆಗಳೆಲ್ಲ ಮಡಚಿಟ್ಟ ಕೊಡೆಯ ಹಾಗೆ ಜೋತುಬಿದ್ದಿರುತ್ತವೆ. ನೋಡಿದವರು ಅಯ್ಯೋ ಪಾಪ ಎಂದು ಕೊಡಪಾನ ಹಿಡಿದು ಓಡುತ್ತಾರೆ. ಅದು ಸಾಯುತ್ತಿಲ್ಲ. ಆ ಉರಿಯಲ್ಲಿ ಎಲೆಯಿಂದ ಆರಿಹೋಗುವಷ್ಟು ನೀರನ್ನು ಬೇರು ಅದೇ ವೇಗದಲ್ಲಿ ಮೇಲೇರಿಸಲಾರದು, ಅಷ್ಟೆ. ಎಲೆ ಬಾಗಿದಾಗ ಬಿಸಿಲು ತಾಗುವ ಜಾಗವೂ ಕಡಿಮೆಯಾಗುತ್ತದೆ. ಸಂಜೆ ಆರಕ್ಕೆ ಹೋಗಿ ನೋಡಿ, ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಿಂತಿರುತ್ತದೆ. ಬೆಳಗಿನ ತಂಪಿನಲ್ಲೂ ಬಾಡಿದ್ದರೆ ಮಾತ್ರ ನಿಜವಾದ ಬಾಯಾರಿಕೆ ಎಂದು ತಿಳಿಯಿರಿ. ಎರಡು ಬೆರಳು ಮಣ್ಣಿನೊಳಗೆ ಹೋಗುವಷ್ಟು ಊರಿ ನೋಡಿದರೆ ಅಳತೆ ಸಿಗುತ್ತದೆ, ಬೇರೆ ಯಂತ್ರ ಬೇಡ.

ನೀರು ಹಾಕುವುದು ಬೆಳಗಿನ ಬಿಸಿಲೇರುವ ಮೊದಲು ಅಥವಾ ಹೊತ್ತು ಇಳಿದ ಮೇಲೆ. ದಿನಾ ಒಂದು ಚೊಂಬು ಚಿಮುಕಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಬುಡ ನೆನೆಯುವಷ್ಟು ಕೊಟ್ಟರೆ ಬೇರು ಆಳಕ್ಕಿಳಿಯುತ್ತದೆ. ಚಿಮುಕಿಸಿದ ನೀರಿಗೆ ಬೇರು ಮೇಲೆಯೇ ಸುಳಿದಾಡಿ ಬಿಸಿಲಿಗೆ ಬೇಯುತ್ತದೆ. ಕುಂಡಗಳ ಮಾತು ಬೇರೆ, ಅವಕ್ಕೆ ದಿನವೂ ಬೇಕು. ಬುಡಕ್ಕೆ ತರಗೆಲೆಯ ಹೊದಿಕೆ ಹಾಸಿ. ಮನೆಯ ಮುಂದೆ ಬಿದ್ದ ಎಲೆಯನ್ನು ಗುಡಿಸಿ ಸುಡುವುದರಷ್ಟು ದಡ್ಡತನ ಬೇಸಿಗೆಯಲ್ಲಿ ಇನ್ನೊಂದಿಲ್ಲ. ಮಾವು, ನಿಂಬೆ, ಕರಿಬೇವಿನಂಥ ಗಿಡಗಳ ಹತ್ತಿರ ಹಳೆಯ ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂತು, ನೀರು ತುಂಬಿ, ಬಾಯಿಗೆ ಹಂಚಿನ ಚೂರು ಮುಚ್ಚಿ. ಸುತ್ತಲಿನ ಮಣ್ಣು ಒಣಗಿದಷ್ಟೂ ಮಡಕೆ ನೀರು ಬಿಡುತ್ತದೆ, ಮಣ್ಣು ನೆನೆದಿದ್ದರೆ ಸುಮ್ಮನಿರುತ್ತದೆ. ಚೀನಾದ ಎರಡು ಸಾವಿರ ವರ್ಷದ ಹಿಂದಿನ ಕೃಷಿ ಪುಸ್ತಕದಲ್ಲೂ ಈ ವಿಧಾನದ ವಿವರವಿದೆ. ಹೊಸ ಮಡಕೆಯೇ ಬೇಕೆಂದಿಲ್ಲ, ಹಳೆಯದಾದರೂ ನಡೆದೀತು, ಆದರೆ ಒಡೆದದ್ದು ಆಗದು.

ಮಗಳು ಬೆಂಗಳೂರಿನಲ್ಲಿದ್ದಾಳೆ. ಅವಳ ಹಿತ್ತಿಲೆಂದರೆ ಮೂರನೆಯ ಮಹಡಿಯ ಬಾಲ್ಕನಿಯ ಕುಂಡಗಳು. ಅವಳಿಗೆ 2024ರ ಬೇಸಿಗೆ ಮರೆಯುವುದಿಲ್ಲ. ಅದಕ್ಕೆ ಹಿಂದಿನ ವರ್ಷ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಬಂದ ಮೇಲೂ ಹೊಯ್ದದ್ದು ಅಷ್ಟಕ್ಕಷ್ಟೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಮರುವರ್ಷದ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಕೈಚೆಲ್ಲಿದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಆ ಆದೇಶ ನನಗೆ ಸರಿಯೆಂದೇ ಕಂಡಿತು. ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದು ಕ್ರೋಟನ್ ಗಿಡಕ್ಕೆ ಸುರಿಯುವುದು ನ್ಯಾಯವಲ್ಲ. ಮಗಳು ಫೋನಿನಲ್ಲಿ, "ಅಮ್ಮಾ, ಗಿಡಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡಲಾ?" ಎಂದಳು. "ಅಕ್ಕಚ್ಚು ಏನು ಮಾಡ್ತೀಯ?" ಎಂದೆ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು, ಹೆಸರುಕಾಳು ನೆನೆಸಿದ ನೀರು, ಎಲ್ಲ ಸಿಂಕಿನಲ್ಲಿ ಹರಿದುಹೋಗುತ್ತಿತ್ತು. ನಮ್ಮ ಕಡೆ ಅದು ದನಕ್ಕೆ ಸಲ್ಲುವ ಕಲಗಚ್ಚು. ದನವಿಲ್ಲದ ಮನೆಯಲ್ಲಿ ಗಿಡವೇ ದನ. ಒಂದು ಬಕೆಟ್ ಸಿಂಕಿನ ಪಕ್ಕ ಬಂದು ಕೂತಿತು. ಎಲ್ಲವೂ ಉಳಿಯಲಿಲ್ಲ. ತುಳಸಿ, ದೊಡ್ಡಪತ್ರೆ, ಮಲ್ಲಿಗೆ, ಒಂದು ಬಸಳೆ ಬಳ್ಳಿ ಉಳಿದವು. ಅಡುಗೆಮನೆ ಸಾಕಬಲ್ಲಷ್ಟೇ ತೋಟ ಎಂಬ ಲೆಕ್ಕ ಅವಳಿಗೆ ಆ ಬೇಸಿಗೆಯಲ್ಲಿ ಸಿಕ್ಕಿತು.

ಮಲ್ಲಿಗೆಯ ಹೆಸರೆತ್ತಿದ ಮೇಲೆ ಅದರ ಮಾತಾಡದೆ ಮುಂದೆ ಹೋಗುವುದು ಹೇಗೆ? ಮಿಕ್ಕ ಗಿಡಗಳೆಲ್ಲ ಬಸವಳಿದು ಕೂತಾಗ ಮೈತುಂಬ ಬಿರಿಯುವ ಗಿಡ ಅದು. ಗುಟ್ಟು ಇಷ್ಟೆ, ನವೆಂಬರ್ ಕೊನೆಯ ಹೊತ್ತಿಗೆ ನೀರು ಕೊಡುವುದನ್ನು ತಡೆದು, ಬಳ್ಳಿ ಸವರಿ, ಎಲೆ ಕಳೆದು, ಗೊಬ್ಬರ ಕೊಟ್ಟರೆ ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಕೂರುತ್ತದೆ. ಚಳಿಗಾಲದಲ್ಲಿ ಗಿಡವನ್ನು ಬೋಳು ಮಾಡುವುದಕ್ಕೆ ಕೈ ಬರುವುದಿಲ್ಲ. ಬಂದವರಿಗೆ ಚೈತ್ರ, ವೈಶಾಖದಲ್ಲಿ ಬುಟ್ಟಿ ತುಂಬುತ್ತದೆ. ನಮ್ಮ ನಾಡಿನಲ್ಲಿ ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿದೆ. ಉಡುಪಿ ಮಲ್ಲಿಗೆಯ ತವರು ಕಟಪಾಡಿಯ ಹತ್ತಿರದ ಶಂಕರಪುರ. ಅಲ್ಲಿ ಹಿಂದೂ, ಕ್ರೈಸ್ತ ಮನೆಗಳೆರಡರ ಅಂಗಳದಲ್ಲೂ ಮಲ್ಲಿಗೆ. ಬೆಳಗಿನ ಜಾವ ಮೊಗ್ಗು ಬಿಡಿಸಿ, ಬಾಳೆ ನಾರಿನಲ್ಲಿ ಮನೆಮಂದಿಯೆಲ್ಲ ಕೂತು ಕಟ್ಟುತ್ತಾರೆ. ಒಂದು ಚೆಂಡಿಗೆ ಸುಮಾರು 800 ಹೂವು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ದಿನದಿನಕ್ಕೆ ನಿಗದಿಯಾಗುತ್ತದೆ. ಆ ಹೂವು ದೇವಸ್ಥಾನಕ್ಕೂ ಹೋಗುತ್ತದೆ, ಭೂತದ ಕೋಲಕ್ಕೂ ಹೋಗುತ್ತದೆ, ಮದುಮಗಳ ಜಡೆಗೂ ಹೋಗುತ್ತದೆ, ಮೇ ತಿಂಗಳಲ್ಲಿ ಇಗರ್ಜಿಯ ಮರಿಯಮ್ಮನ ಪೀಠಕ್ಕೂ ಏರುತ್ತದೆ. ಯಾರ ಅಂಗಳದ ಹೂವು ಯಾವ ದೇವರಿಗೆ ಎಂದು ಚೆಂಡು ಕಟ್ಟುವವರು ಕೇಳುವುದಿಲ್ಲ.

ಅದೇ ಕಟಪಾಡಿಯ ಮಗ್ಗುಲಲ್ಲಿ ಮಟ್ಟು ಎಂಬ ಊರಿದೆ. ಅಲ್ಲಿನ ದುಂಡು ಹಸಿರು ಬದನೆ ಮಟ್ಟುಗುಳ್ಳ. ಇದಕ್ಕೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 16ನೇ ಶತಮಾನದ ವಾದಿರಾಜ ಯತಿಗಳು ಊರವರಿಗೆ ಈ ಬೀಜ ಕೊಟ್ಟರೆಂದು ಅಲ್ಲಿನ ಐತಿಹ್ಯ, ಇವತ್ತಿಗೂ ಮೊದಲ ಬೆಳೆ ಉಡುಪಿಯ ಕೃಷ್ಣನಿಗೆ. ಐತಿಹ್ಯವನ್ನು ನೀವು ಒಪ್ಪಿದರೂ ಸರಿ, ಬಿಟ್ಟರೂ ಸರಿ. ಗುರುಗಳ ಪ್ರಸಾದವೆಂದು ತಿಳಿದದ್ದರಿಂದಲೇ ಆ ಊರಿನವರು ಬೇರೆ ಬದನೆಗೆ ಮನಸೋಲದೆ ತಲೆಮಾರುಗಳ ಕಾಲ ಬೀಜ ಉಳಿಸಿಕೊಂಡು ಬಂದರು. ಬಯಲುಸೀಮೆಯ ನನಗೆ ಆಪ್ತವಾದ ಹೆಸರು ಇನ್ನೊಂದು, ತೋಂಟದ ಸಿದ್ಧಲಿಂಗರದು. ಕುಣಿಗಲ್ ತಾಲ್ಲೂಕಿನ ಕಗ್ಗೆರೆಯಲ್ಲಿ ನಾಗಿನಿ ಹೊಳೆಯ ದಡದ ತೋಟವೊಂದರಲ್ಲಿ ತಪಸ್ಸಿಗೆ ಕೂತರು, ಆ ತೋಟವೇ ಅವರ ಹೆಸರಾಯಿತು. ಅವರ ಗದ್ದುಗೆಯಿರುವ ಎಡೆಯೂರಿಗೆ ಹೋಗುವವರು ಕಗ್ಗೆರೆಗೂ ಹೋಗಿ ಬನ್ನಿ.

ಇಷ್ಟು ಹೇಳುವಾಗ ಶರಣೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರುವುದಿಲ್ಲ. ಗಂಡ ಮಾರಯ್ಯ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಮನೆ ನಡೆಸುವ ಹೆಂಗಸಿಗೆ ಅಳತೆಯ ಅರಿವು ಇರುತ್ತದೆ, ನಾಳೆಗೆ ಬೇಕಾದ್ದು ಎಷ್ಟು, ಆಸೆಗೆ ಬೇಕಾದ್ದು ಎಷ್ಟು ಎಂಬ ಗೆರೆ ಅವಳ ಕೈಗೆ ಗೊತ್ತು. ನಾವು ಭರಣಿ ತುಂಬಿಸುವುದೂ ನಾಳೆಗೇ, ಆದರೆ ಬರುವ ನೆಂಟರು, ಪಕ್ಕದ ಮನೆಯ ಬಸುರಿ, ಹಾಸ್ಟೆಲಿನಲ್ಲಿರುವ ಯಾರದೋ ಮಗು, ಎಲ್ಲರ ಪಾಲೂ ಅದರಲ್ಲಿ ಸೇರಿರುತ್ತದೆ. ಒಬ್ಬರಿಗಾಗಿ ಉಪ್ಪಿನಕಾಯಿ ಹಾಕಿದವರನ್ನು ನಾನು ಕಂಡಿಲ್ಲ.

ಹಿತ್ತಿಲಲ್ಲೂ ಹಾಗೆಯೇ. ಬಸಳೆ ಕಡ್ಡಿ, ದಾಸವಾಳದ ಗೆಲ್ಲು, ಕೆಸುವಿನ ಗೆಡ್ಡೆ ಕೊಂಡು ತಂದವರಿದ್ದಾರೆಯೇ? ಕೇಳಿ ತಂದದ್ದು, ಕೊಡದಿದ್ದರೆ ಕದ್ದು ತಂದದ್ದು. ಕದ್ದ ಗಿಡ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆಯನ್ನು ಮಾತ್ರ ನಾನು ಸೋಸಿ ಚೆಲ್ಲಿಲ್ಲ, ಕ್ಷಮಿಸಿ.

ಹೊಸದಾಗಿ ಬಳ್ಳಿ ತರಕಾರಿ ಹಾಕಿದವರು ಏಪ್ರಿಲ್ಲಿನಲ್ಲಿ ನನ್ನ ಹತ್ತಿರ ಹೇಳುವ ದೂರು ಒಂದೇ, ಹೂವು ಬಿಡುತ್ತೆ, ಕಾಯಿ ಕಚ್ಚೋದಿಲ್ಲ. ಕುಂಬಳ, ಸೌತೆ, ಹೀರೆಯಲ್ಲಿ ಮೊದಲು ಬರುವುದು ಗಂಡು ಹೂಗಳು, ಹೆಣ್ಣು ಹೂವು ತಡವಾಗಿ ಬರುತ್ತದೆ. ಹೂವಿನ ಕೆಳಗೆ ಪುಟ್ಟ ಕಾಯಿಯ ಆಕಾರವಿದ್ದರೆ ಅದು ಹೆಣ್ಣು. ಜೇನು ಬಾರದ ಬಾಲ್ಕನಿಯಲ್ಲಿ ನೀವೇ ಗಂಡು ಹೂವು ಕಿತ್ತು ಅದರ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಬೇಕು. ಕುಂಬಳಕ್ಕಾದರೆ ಬೆಳಿಗ್ಗೆ ಬೇಗ, ಹೊತ್ತೇರಿದರೆ ಹೂವು ಮುಚ್ಚುತ್ತದೆ. ಹೀರೆಗೆ ಸಂಜೆ, ಅದು ಅರಳುವುದೇ ಸಂಜೆ. ಮೊದಲ ಕಾಯಿ ಹಿಡಿದ ದಿನ ಮನೆಯವರನ್ನೆಲ್ಲ ಕರೆದು ತೋರಿಸುವ ಸಂಭ್ರಮವನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಇನ್ನೊಂದು ಗಿಡದ ಮಾತು ಹೇಳಬೇಕು. ಮೇ ಫ್ಲವರ್ ಎಂದು ಕರೆಯುತ್ತೇವೆ, ಕೆಂಪು ಚೆಂಡಿನಂಥ ಹೂವು. ಇದರ ಗೆಡ್ಡೆ ಬೇಸಿಗೆಯುದ್ದಕ್ಕೂ ಮಣ್ಣಿನೊಳಗೆ ಇರುತ್ತದೆ. ಮೇಲೆ ಎಲೆ ಇಲ್ಲ, ಕಡ್ಡಿ ಇಲ್ಲ, ಗುರುತೇ ಇಲ್ಲ. ಖಾಲಿ ಕುಂಡವೆಂದು ತಿಳಿದು ಮಣ್ಣು ಸುರಿದುಬಿಡುವವರಿದ್ದಾರೆ, ಹಾಗಾಗಿ ಒಂದು ಕಡ್ಡಿ ನೆಟ್ಟು ಗುರುತಿಡಿ. ಮೇ ತಿಂಗಳಲ್ಲಿ ಅಡ್ಡಮಳೆ ಒಂದೆರಡು ಬಿದ್ದರೆ ಸಾಕು, ಎಲೆಗಿಂತ ಮೊದಲು ಹೂವಿನ ದಂಟೇ ಮಣ್ಣು ಸೀಳಿಕೊಂಡು ಏಳುತ್ತದೆ. ಕ್ಯಾಲೆಂಡರು ನೋಡಿ ಎದ್ದಿತೋ ಎನ್ನಬೇಕು.

ಗಿಡಕ್ಕೆ ಮೇ ಹೇಗೋ, ರೈತರ ಮನೆಯ ಪಂಚಾಂಗಕ್ಕೆ ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳು ಹಾಗೆ. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ, ರೋಹಿಣಿ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಗಾದೆ ಹೇಳಿದಂತೆ ಮಳೆ ಪ್ರತಿ ವರ್ಷ ನಡೆದುಕೊಳ್ಳುವುದಿಲ್ಲವೆಂದು ಗಾದೆ ಹೇಳಿದವರಿಗೂ ಗೊತ್ತಿತ್ತು. ಆದರೂ ಅವರು ಒಳ್ಳೆಯ ಕಾಯಿಯೊಂದನ್ನು ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಬೀಜ ತೆಗೆದು, ಒಲೆಯ ಬೂದಿಯಲ್ಲಿ ಕಲಸಿ ಗೋಡೆಗೆ ಮೆತ್ತಿಟ್ಟರು. ಬೂದಿ ತೇವವನ್ನೂ ಹುಳುವನ್ನೂ ದೂರವಿಡುತ್ತದೆ. ನಮ್ಮ ಮನೆಯಲ್ಲಿ ಈಗ ಮಣ್ಣಿನ ಗೋಡೆಯಿಲ್ಲ. ಬೂದಿ ಬೆರೆಸಿ ಗಾಜಿನ ಸೀಸೆಯಲ್ಲಿ ತುಂಬಿ, ಹೆಸರು ಬರೆದ ಚೀಟಿ ಅಂಟಿಸಿ ಕಪಾಟಿನಲ್ಲಿಡುತ್ತೇನೆ.

ಇನ್ನು ಬೇಸಿಗೆಯಲ್ಲೇ ಬರುವ ಅಕ್ಷಯ ತೃತೀಯ, ಬಸವ ಜಯಂತಿಯ ಮಾತು. ಈಗ ಆ ದಿನ ಎಂದರೆ ಚಿನ್ನದಂಗಡಿಯ ಮುಂದಿನ ಸಾಲು. ಹಿಂದೆ ವೈಶಾಖದ ಆ ಹೊತ್ತಿನಲ್ಲಿ ನೀರು ತುಂಬಿದ ಕೊಡ, ಬೀಸಣಿಗೆ, ಕೊಡೆ, ಮಜ್ಜಿಗೆ ದಾನ ಮಾಡುತ್ತಿದ್ದರು. ರಾಮನವಮಿಯ ಪಾನಕ, ಕೋಸಂಬರಿ ಕೂಡ ಅದೇ ಸಾಲಿನದು. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಗೆ ದತ್ತಿ ಬಿಟ್ಟ ಮಾತು ನಮ್ಮ ಹಳೆಯ ಶಾಸನಗಳಲ್ಲೇ ಇದೆ. ಚಿನ್ನ ಕೊಳ್ಳುವವರು ಕೊಳ್ಳಲಿ. ನೀವು ಒಂದು ದೊಡ್ಡ ಮಣ್ಣಿನ ಹೂಜಿ ತನ್ನಿ. ಗೇಟಿನ ಹೊರಗೆ ನೆರಳಿರುವ ಕಡೆ ಮರಳು ಹಾಸಿ ಅದರ ಮೇಲಿಡಿ, ಮುಚ್ಚಳ ಮುಚ್ಚಿ, ಒಂದು ಲೋಟ ಕಟ್ಟಿಡಿ. ಬೆನ್ನಿಗೆ ಚೀಲ ಹೊತ್ತು ಮನೆಮನೆಗೆ ಊಟ ತಲುಪಿಸುವ ಹುಡುಗರು, ರಸ್ತೆ ಅಗೆಯುವವರು, ಪೌರಕಾರ್ಮಿಕರು ಕುಡಿಯುತ್ತಾರೆ. ಪಕ್ಕದಲ್ಲೊಂದು ಅಗಲ ಬಾಯಿಯ ತಟ್ಟೆಯಲ್ಲಿ ಹಕ್ಕಿಗಳಿಗೂ ಇರಲಿ. ನೀರನ್ನು ದಿನವೂ ಬದಲಿಸಿ, ಹಳೆಯ ನೀರನ್ನು ಹತ್ತಿರದ ಗಿಡಕ್ಕೆ ಚೆಲ್ಲಿ. ಮಳೆ ಹಿಡಿಯುವವರೆಗೆ ಹೂಜಿಯನ್ನು ಒಳಗೆ ತರಬೇಡಿ.